ಹಳೆಯ ಫ್ರಿಡ್ಜೋ, ಡ್ರಮ್ಮೋ, ಉಕ್ಕಿನ ಪೆಟ್ಟಿಗೆಯೋ: ಮನೆಯಲ್ಲಿ ಮಾಂಸಕ್ಕೆ ಹೊಗೆ ಹಾಕಲು ಯಾವುದು ಸೂಕ್ತ?

ಕೊಡಗಿನಲ್ಲೂ ಮಲೆನಾಡಿನ ಅನೇಕ ಮನೆಗಳಲ್ಲೂ ಮಾಂಸಕ್ಕೆ ಉಪ್ಪು ಹಚ್ಚಿ, ಸೌದೆ ಒಲೆಯ ಮೇಲೆ ತೂಗುಹಾಕಿ, ಹೊಗೆಯಲ್ಲಿ ಒಣಗಿಸಿ ಇಟ್ಟುಕೊಳ್ಳುವುದು ಹಳೆಯ ಪದ್ಧತಿ. ಬೆಂಗಳೂರಿನಲ್ಲಿ ಬಂದು ನೆಲೆಸಿದವರ ಮನೆಯಲ್ಲಿ ಸೌದೆ ಒಲೆಯೂ ಇಲ್ಲ, ಅಟ್ಟವೂ ಇಲ್ಲ. ಆ ರುಚಿಯ ಆಸೆ ಮಾತ್ರ ಹಾಗೆಯೇ ಉಳಿದಿದೆ. ಈಜಿಪುರದ ಕಡೆ ಈಶಾನ್ಯ ರಾಜ್ಯಗಳವರ ಅಂಗಡಿಗಳಲ್ಲಿ ಹೊಗೆ ಹಾಕಿದ ಹಂದಿಮಾಂಸ ಸಿಗುತ್ತದೆಯಾದರೂ, ತಮ್ಮ ಉಪ್ಪು, ತಮ್ಮ ಮೆಣಸು, ತಮ್ಮ ಸೌದೆಯಲ್ಲಿಯೇ ಮಾಡಿಕೊಳ್ಳಬೇಕು ಎನ್ನುವವರಿಗೆ ತಾರಸಿಯ ಮೂಲೆಯಲ್ಲಿ ಕೆಟ್ಟು ನಿಂತಿರುವ ಫ್ರಿಡ್ಜ್ ಕಣ್ಣಿಗೆ ಬೀಳುತ್ತದೆ. ನೇರವಾಗಿ ನಿಂತ ಪೆಟ್ಟಿಗೆ, ಬಿಗಿಯಾದ ಬಾಗಿಲು, ಶಾಖವನ್ನು ಹಿಡಿದಿಡುವ ಗೋಡೆ, ತಟ್ಟೆ ಇಡಲು ಸಿದ್ಧವಾದ ಅಂಚುಗಳು ಎಲ್ಲವೂ ಅದರಲ್ಲಿವೆ. ಆದ್ದರಿಂದ ಈ ಯೋಚನೆ ಬರುವುದು ಸಹಜವೇ ಆಗಿದೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಫ್ರಿಡ್ಜ್ ಒಳ್ಳೆಯ ಹೊಗೆಪೆಟ್ಟಿಗೆ ಆಗಬಲ್ಲದೇ ಇಲ್ಲವೇ ಎಂಬುದನ್ನು ಅದರ ಒಳಮೈ ಒಂದೇ ತೀರ್ಮಾನಿಸುತ್ತದೆ. ಒಳಮೈ ಲೋಹದ್ದಾಗಿದ್ದು, ಅದರ ಹಿಂದೆ ಶಾಖ ತಡೆಯಲು ಗ್ಲಾಸ್ ವೂಲ್ (ಗಾಜಿನ ಎಳೆಗಳ ಹತ್ತಿ) ಇದ್ದರೆ ಅದಕ್ಕಿಂತ ಅಗ್ಗದ ಮತ್ತು ಸಮರ್ಥವಾದ ಪೆಟ್ಟಿಗೆ ಇನ್ನೊಂದಿಲ್ಲ. ಒಳಮೈ ಪ್ಲಾಸ್ಟಿಕ್ಕಿನದಾಗಿದ್ದರೆ ಬಿಸಿ ಹೊಗೆಯ ಆಸೆಯನ್ನು ಆ ಫ್ರಿಡ್ಜ್‌ನ ಮಟ್ಟಿಗೆ ಪೂರ್ತಿಯಾಗಿ ಕೈಬಿಡಬೇಕು. ಇಂದು ಬೆಂಗಳೂರಿನ ಗುಜರಿಗಳಲ್ಲಿ ಸಿಗುವ ಬಹುಪಾಲು ಫ್ರಿಡ್ಜ್‌ಗಳು ಎರಡನೆಯ ಗುಂಪಿಗೆ ಸೇರಿದವು.

ಬಿಸಿ ಹೊಗೆ ಮತ್ತು ತಣ್ಣನೆಯ ಹೊಗೆ

ಪೆಟ್ಟಿಗೆಯನ್ನು ಆಯ್ಕೆ ಮಾಡುವ ಮೊದಲು ಯಾವ ಕೆಲಸಕ್ಕೆ ಎಂಬುದು ಇತ್ಯರ್ಥವಾಗಬೇಕು. ಬಿಸಿ ಹೊಗೆಯಲ್ಲಿ ಪೆಟ್ಟಿಗೆಯ ಒಳಗಿನ ಉಷ್ಣತೆಯನ್ನು ಸುಮಾರು 105ರಿಂದ 135 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಂಟೆಗಟ್ಟಲೆ ಕಾಯ್ದುಕೊಳ್ಳಲಾಗುತ್ತದೆ. ಮಾಂಸಕ್ಕೆ ಹೊಗೆಯೂ ತಾಗುತ್ತದೆ, ಅದು ಬೇಯುತ್ತದೆ ಕೂಡ. ತಣ್ಣನೆಯ ಹೊಗೆಯಲ್ಲಿ ಉಷ್ಣತೆ 30 ಡಿಗ್ರಿ ದಾಟಬಾರದು; ಅಲ್ಲಿ ಮಾಂಸ ಬೇಯುವುದಿಲ್ಲ, ಉಪ್ಪು ಹೀರಿದ ಮಾಂಸ ನಿಧಾನವಾಗಿ ಒಣಗುತ್ತಾ ಹೊಗೆಯ ವಾಸನೆಯನ್ನು ಹಿಡಿದುಕೊಳ್ಳುತ್ತದೆ. ಇವೆರಡರ ನಡುವಿನ ಉಷ್ಣತೆಯಲ್ಲಿ, ಅಂದರೆ 30ರಿಂದ 60 ಡಿಗ್ರಿಯ ನಡುವೆ, ಹಸಿ ಮಾಂಸವನ್ನು ಬಹಳ ಹೊತ್ತು ಇಟ್ಟರೆ ರೋಗಾಣುಗಳಿಗೆ ನಾವೇ ಕಾವು ಕೊಟ್ಟಂತಾಗುತ್ತದೆ. ಬಿಸಿ ಹೊಗೆ ಹಾಕುವಾಗ ಮಾಂಸದ ಒಳಭಾಗ 4 ಗಂಟೆಯೊಳಗೆ 60 ಡಿಗ್ರಿ ದಾಟಬೇಕು ಎಂಬ ರೂಢಿಯ ನಿಯಮವನ್ನು ಸಡಿಲಿಸಬಾರದು.

ಬೆಂಗಳೂರಿನ ಹವೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನಗಳಲ್ಲಿ ಹೊರಗಿನ ಉಷ್ಣತೆಯೇ 34-35 ಡಿಗ್ರಿ ಇರುವಾಗ, ಬಿಸಿಲಿನಲ್ಲಿ ನಿಂತ ಪೆಟ್ಟಿಗೆಯೊಳಗೆ ತಣ್ಣನೆಯ ಹೊಗೆ ಎಂಬುದೇ ಅಸಾಧ್ಯ. ಡಿಸೆಂಬರ್ ಮತ್ತು ಜನವರಿಯ ರಾತ್ರಿಗಳಲ್ಲಿ ಉಷ್ಣತೆ 16 ಡಿಗ್ರಿಯ ಆಸುಪಾಸಿಗೆ ಇಳಿಯುವುದರಿಂದ ಆ ಎರಡು ತಿಂಗಳು ಮಾತ್ರ ಯಾವ ಯಂತ್ರದ ಸಹಾಯವೂ ಇಲ್ಲದೆ ಈ ಕೆಲಸವನ್ನು ಮಾಡಬಹುದು. ಹೊಸದಾಗಿ ಕಲಿಯುವವರು ಬಿಸಿ ಹೊಗೆಯಿಂದಲೇ ಆರಂಭಿಸುವುದು ಒಳಿತು ಎಂದು ನಾನು ಭಾವಿಸುತ್ತೇನೆ, ಏಕೆಂದರೆ ಅಲ್ಲಿ ತಪ್ಪಾದರೂ ಬೆಂಕಿಯೇ ಮಾಂಸವನ್ನು ಬೇಯಿಸಿ ಕಾಪಾಡುತ್ತದೆ.

ಲೋಹದ ಒಳಮೈಯ ಫ್ರಿಡ್ಜ್

ಭಾರತದಲ್ಲಿ ಗೋದ್ರೆಜ್ ಕಂಪನಿ ಫ್ರಿಡ್ಜ್ ತಯಾರಿಕೆಯನ್ನು ಆರಂಭಿಸಿದ್ದು 1958ರಲ್ಲಿ. ಆ ಕಾಲದ ಫ್ರಿಡ್ಜ್‌ಗಳಲ್ಲಿ ಒಳಗಿನ ಗೋಡೆ ಸಾಮಾನ್ಯವಾಗಿ ಎನಾಮೆಲ್ ಲೇಪಿಸಿದ ಉಕ್ಕಿನ ತಗಡಾಗಿದ್ದು, ತಗಡಿನ ಹಿಂದೆ ಗ್ಲಾಸ್ ವೂಲ್ ತುಂಬಿರುತ್ತಿತ್ತು. ನಂತರದ ದಶಕಗಳಲ್ಲಿ ಒಳಗೋಡೆ ಪ್ಲಾಸ್ಟಿಕ್ ಆಯಿತು, ಗ್ಲಾಸ್ ವೂಲ್ ಜಾಗಕ್ಕೆ ಪಾಲಿಯುರಿಥೇನ್ ಫೋಮ್ ಬಂತು. ಬಸವನಗುಡಿ, ಮಲ್ಲೇಶ್ವರ, ಫ್ರೇಜರ್ ಟೌನ್‌ನಂಥ ಹಳೆಯ ಬಡಾವಣೆಗಳಲ್ಲಿ ಮನೆ ಕೆಡವಿ ಕಟ್ಟಿಸುವಾಗ ಮೊದಲ ಬಗೆಯ ಫ್ರಿಡ್ಜ್ ಒಮ್ಮೊಮ್ಮೆ ಹೊರಬೀಳುತ್ತದೆ. ಗುಜರಿಯವನಿಗೆ ಅದು ತೂಕದ ಕಬ್ಬಿಣ ಮಾತ್ರ, ಹೊಗೆ ಹಾಕುವವರಿಗೆ ಅದು ಸಂಪತ್ತು.

ಗುರುತಿಸುವುದಕ್ಕೆ ಜೇಬಿನಲ್ಲಿ ಒಂದು ಅಯಸ್ಕಾಂತ ಇದ್ದರೆ ಸಾಕು. ಬಾಗಿಲು ತೆರೆದು ಒಳಗೋಡೆಗೆ ಅದನ್ನು ಹಿಡಿಯಬೇಕು. ಉಕ್ಕಾಗಿದ್ದರೆ ಅದು ಟಕ್ಕನೆ ಕಚ್ಚಿಕೊಳ್ಳುತ್ತದೆ. ಕಚ್ಚದಿದ್ದರೆ ಬೆರಳ ಗೆಣ್ಣಿನಿಂದ ಗೋಡೆಯನ್ನು ಬಡಿಯಬೇಕು. ಅಲ್ಯೂಮಿನಿಯಂ ಆಗಿದ್ದರೆ ಪಾತ್ರೆ ಬಡಿದಂತೆ ಸದ್ದು ಬರುತ್ತದೆ, ಮುಟ್ಟಿದರೆ ತಣ್ಣಗಿರುತ್ತದೆ. ಪ್ಲಾಸ್ಟಿಕ್ ಆಗಿದ್ದರೆ ಸದ್ದು ಮೊಂಡಾಗಿರುತ್ತದೆ, ಹೆಬ್ಬೆರಳಿನಿಂದ ಒತ್ತಿದರೆ ಗೋಡೆ ಕೊಂಚ ಬಗ್ಗುತ್ತದೆ, ಮೂಲೆಗಳಲ್ಲಿ ಹಳದಿ ತಿರುಗಿ ಸಣ್ಣ ಸೀಳುಗಳು ಕಾಣುತ್ತವೆ. ಒಳಗೋಡೆ ಲೋಹವೆಂದು ಖಚಿತವಾದ ಮೇಲೂ ಅಲ್ಲಿಗೇ ನಿಲ್ಲಬಾರದು. ಕಾಲಘಟ್ಟ ಬದಲಾಗುವ ವರ್ಷಗಳಲ್ಲಿ ಲೋಹದ ತಗಡಿನ ಹಿಂದೆಯೂ ಫೋಮ್ ತುಂಬಿದ ಮಾದರಿಗಳಿದ್ದವು. ಬಾಗಿಲಿನ ಅಂಚಿನ ಪಟ್ಟಿಯನ್ನು ಬಿಚ್ಚಿ ಒಳಗೆ ನೋಡಿದರೆ ಹಳದಿ ಬಣ್ಣದ, ಹತ್ತಿಯಂತೆ ಎಳೆಎಳೆಯಾಗಿ ಬರುವ ಗ್ಲಾಸ್ ವೂಲ್ ಇದೆಯೋ ಅಥವಾ ಉಗುರಿನಿಂದ ಕೆರೆದರೆ ಪುಡಿಯಾಗುವ ಗಟ್ಟಿ ಫೋಮ್ ಇದೆಯೋ ತಿಳಿಯುತ್ತದೆ. ಗ್ಲಾಸ್ ವೂಲ್ ಮುಟ್ಟುವಾಗ ಕೈಗವಸು ಮತ್ತು ಮೂಗಿಗೆ ಮಾಸ್ಕ್ ಕಡ್ಡಾಯ. ಅದರ ಎಳೆಗಳು ಚರ್ಮಕ್ಕೂ ಉಸಿರಿಗೂ ತುರಿಕೆ ತರುತ್ತವೆ.

ಇಂಥ ಫ್ರಿಡ್ಜ್ ಸಿಕ್ಕಿದರೆ ಕೆಲಸ ಶುರುವಾಗುವುದು ತಂಪು ಮಾಡಲು ಅದರ ಕೊಳವೆಗಳಲ್ಲಿ ತುಂಬಿರುವ ಗ್ಯಾಸಿನಿಂದ. ಹಳೆಯ ಫ್ರಿಡ್ಜ್‌ಗಳಲ್ಲಿ ಇರುತ್ತಿದ್ದುದು ಆರ್-12 ಎಂಬ ಅನಿಲ. ಓಜೋನ್ ಪದರಕ್ಕೆ ಹಾನಿ ಮಾಡುವುದರಿಂದಲೇ 1987ರ ಮಾಂಟ್ರಿಯಲ್ ಒಪ್ಪಂದದ ಅನ್ವಯ ಅದನ್ನು ಜಗತ್ತಿನಾದ್ಯಂತ ಕೈಬಿಡಲಾಯಿತು. ಪಕ್ಕಡ್ ಹಾಕಿ ತಾಮ್ರದ ಕೊಳವೆಯನ್ನು ಕತ್ತರಿಸಿ, ಬುಸ್ಸೆಂದು ಗಾಳಿಗೆ ಬಿಡುವ ಅಭ್ಯಾಸ ಗುಜರಿಗಳಲ್ಲಿ ಸಾಮಾನ್ಯ. ಅದನ್ನು ನಾವು ಮಾಡಿಸಬಾರದು. ಫ್ರಿಡ್ಜ್ ರಿಪೇರಿಯ ತಂತ್ರಜ್ಞರನ್ನು ಕರೆಸಿ ಅನಿಲವನ್ನು ಸಿಲಿಂಡರಿಗೆ ಎಳೆಸಿ, ಆನಂತರ ಕಂಪ್ರೆಸರ್ ಮತ್ತು ಕೊಳವೆಗಳನ್ನು ತೆಗೆಸಬೇಕು. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ವ್ಯಾಪ್ತಿಗೆ ಫ್ರಿಡ್ಜ್ ಕೂಡ ಬರುವುದರಿಂದ ಕಳಚಿದ ಭಾಗಗಳನ್ನು ನೋಂದಾಯಿತ ಸಂಸ್ಕರಣಾ ಘಟಕಕ್ಕೆ ತಲುಪಿಸುವುದು ಸರಿಯಾದ ದಾರಿ.

ಮುಂದಿನದು ಒಳಗಿರುವ ಪ್ಲಾಸ್ಟಿಕ್ಕನ್ನೆಲ್ಲ ಹುಡುಕಿ ತೆಗೆಯುವ ಕೆಲಸ. ಪೂರ್ತಿ ಲೋಹದ್ದೆಂದು ಕಾಣುವ ಫ್ರಿಡ್ಜ್‌ನಲ್ಲಿಯೂ ಒಳಗೋಡೆ ಮತ್ತು ಹೊರಗೋಡೆ ಕೂಡುವ ಬಾಗಿಲಿನ ಚೌಕಟ್ಟಿನಲ್ಲಿ ಪ್ಲಾಸ್ಟಿಕ್ ಪಟ್ಟಿ ಇರುತ್ತದೆ, ಏಕೆಂದರೆ ಹೊರಗಿನ ಶಾಖ ಲೋಹದ ಮೂಲಕ ಒಳಕ್ಕೆ ಹರಿಯದಂತೆ ತಡೆಯಲು ಅದು ಅಲ್ಲಿ ಬೇಕಾಗಿತ್ತು. ಅದನ್ನು ಕಿತ್ತು ಬಾಗಿಸಿದ ಉಕ್ಕಿನ ಪಟ್ಟಿ ಕೂಡಿಸಬೇಕು. ಬಾಗಿಲಿನ ಒಳಬದಿಯ ಮೊಟ್ಟೆ ತಟ್ಟೆ, ಬಾಟಲಿ ಅಂಕಣ, ದೀಪದ ಹೋಲ್ಡರ್, ಥರ್ಮೋಸ್ಟಾಟಿನ ಗುಂಡಿ ಎಲ್ಲವನ್ನೂ ತೆಗೆದು ತಗಡು ಹೊಡೆಯಬೇಕು. ರಬ್ಬರ್ ಗ್ಯಾಸ್ಕೆಟ್ ಬದಲು ಒಲೆ ಬಾಗಿಲಿಗೆ ಹಾಕುವ ಗ್ಲಾಸ್ ಫೈಬರ್ ಹಗ್ಗ ಅಥವಾ 200 ಡಿಗ್ರಿಗಿಂತ ಹೆಚ್ಚು ಶಾಖ ತಾಳುವ ಸಿಲಿಕೋನ್ ಪಟ್ಟಿ ಬಳಸಬಹುದು. ಹಳೆಯ ತಂತಿ ತಟ್ಟೆಗಳ ಮೇಲೆ ಮಾಂಸ ಇಡಲೇಬಾರದು. ಕೆಲವಕ್ಕೆ ಕ್ಯಾಡ್ಮಿಯಂ ಲೇಪನವಿರುತ್ತಿತ್ತು, ಕ್ಯಾಡ್ಮಿಯಂ ವಿಷ. ಸ್ಟೇನ್‌ಲೆಸ್ ಸ್ಟೀಲ್ ಜಾಲರಿಗಳನ್ನು ಅಳತೆಗೆ ಮಾಡಿಸಿಕೊಳ್ಳುವುದು ದೊಡ್ಡ ಖರ್ಚಲ್ಲ.

ಹೊಗೆ ಒಳಗೆ ಬಂದು ಅಲ್ಲೇ ನಿಂತರೆ ಮಾಂಸ ಕಹಿಯಾಗುತ್ತದೆ ಎಂಬುದನ್ನು ಹೊಸಬರು ಮರೆಯುವುದೇ ಹೆಚ್ಚು. ಫ್ರಿಡ್ಜ್ ಗಾಳಿಯಾಡದಂತೆ ಮಾಡಿದ ಪೆಟ್ಟಿಗೆ. ಹೊಗೆಪೆಟ್ಟಿಗೆಗೆ ಗಾಳಿ ಆಡಲೇಬೇಕು. ತಳದಲ್ಲಿ ಸರಿಸಿ ಮುಚ್ಚಬಲ್ಲ ಗಾಳಿಕಿಂಡಿ, ನೆತ್ತಿಯಲ್ಲಿ 3ರಿಂದ 4 ಅಂಗುಲದ ಹೊಗೆಕೊಳವೆ ಇರಬೇಕು. ಕೊಳವೆಯಿಂದ ತೆಳುವಾದ, ನೀಲಿ ಛಾಯೆಯ ಹೊಗೆ ಬರುತ್ತಿದ್ದರೆ ಸೌದೆ ಸರಿಯಾಗಿ ಉರಿಯುತ್ತಿದೆ ಎಂದರ್ಥ. ಮೋಡದಂತೆ ದಟ್ಟ ಬಿಳಿ ಹೊಗೆ ಬರುತ್ತಿದ್ದರೆ ಗಾಳಿ ಸಾಲದೆ ಸೌದೆ ಕಮರುತ್ತಿದೆ, ಅದರ ಡಾಂಬರಿನಂಥ ಅಂಟು ಮಾಂಸದ ಮೇಲೆ ಕೂರುತ್ತಿದೆ ಎಂದರ್ಥ. ಶಾಖಕ್ಕೆ ತಳದಲ್ಲಿ 1000 ವಾಟ್‌ನ ವಿದ್ಯುತ್ ಹಾಟ್‌ಪ್ಲೇಟ್ ಇಟ್ಟು, ಅದರ ಮೇಲೆ ಎರಕದ ಕಬ್ಬಿಣದ ಬಾಣಲೆಯಲ್ಲಿ ಸೌದೆ ಚೂರು ಹಾಕುವುದು ನನಗೆ ಇಷ್ಟವಾದ ವ್ಯವಸ್ಥೆ. ಗೋಡೆ ಶಾಖ ಬಿಡದ ಕಾರಣ ಪೆಟ್ಟಿಗೆ ಕಾದ ಮೇಲೆ ಹಾಟ್‌ಪ್ಲೇಟ್ ನಿರಂತರವಾಗಿ ಉರಿಯಬೇಕಿಲ್ಲ. 6 ಗಂಟೆ ಪೂರ್ತಿ ಉರಿದರೂ 6 ಯೂನಿಟ್ ವಿದ್ಯುತ್ತಿನಲ್ಲಿ ಕೆಲಸ ಮುಗಿಯುತ್ತದೆ. ಪೆಟ್ಟಿಗೆಯ ಲೋಹದ ಮೈಗೆ ಅರ್ಥಿಂಗ್ ಕೊಡಿಸುವುದನ್ನು ಮಾತ್ರ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಬೇಕು. ಹಂದಿಯ ಕೊಬ್ಬು ಕರಗಿ ಹಾಟ್‌ಪ್ಲೇಟ್ ಮೇಲೆ ಬಿದ್ದರೆ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಜಾಲರಿಯ ಕೆಳಗೆ ನೀರು ತುಂಬಿದ ಅಗಲವಾದ ತಟ್ಟೆ ಇರಲೇಬೇಕು.

ಬಹಳ ಹಳೆಯ ಫ್ರಿಡ್ಜ್‌ಗಳ ಬಾಗಿಲಿಗೆ ಹೊರಗಿನಿಂದ ಮಾತ್ರ ತೆರೆಯುವ ಚಿಲಕವಿರುತ್ತದೆ. ಆಟವಾಡುತ್ತಾ ಒಳಗೆ ಹೊಕ್ಕ ಮಕ್ಕಳು ಉಸಿರುಗಟ್ಟಿ ಸತ್ತ ಪ್ರಕರಣಗಳಿಂದಾಗಿಯೇ ಅಮೆರಿಕದಲ್ಲಿ 1956ರಲ್ಲಿ ಇದರ ವಿರುದ್ಧ ಕಾನೂನು ಬಂತು. ಫ್ರಿಡ್ಜ್ ಮನೆಗೆ ಬಂದ ದಿನವೇ ಆ ಚಿಲಕವನ್ನು ಕಿತ್ತು, ಒಳಗಿನಿಂದ ತಳ್ಳಿದರೆ ತೆರೆಯುವ ಕೊಂಡಿ ಹಾಕಿಸಬೇಕು.

ಪ್ಲಾಸ್ಟಿಕ್ ಒಳಮೈಯ ಫ್ರಿಡ್ಜ್

165 ಲೀಟರಿನ ಒಂದೇ ಬಾಗಿಲಿನ ಫ್ರಿಡ್ಜ್ ನಮ್ಮ ಮಧ್ಯಮ ವರ್ಗದ ಮನೆಗಳಲ್ಲಿ ದಶಕಗಳ ಕಾಲ ಇದ್ದದ್ದು. ಗುಜರಿಯಲ್ಲಿ ಕೈಗೆ ಸಿಗುವುದೂ ಅದೇ. ಇದರ ಒಳಗೋಡೆಯ ಪ್ಲಾಸ್ಟಿಕ್ 90ರಿಂದ 100 ಡಿಗ್ರಿಯ ಸುಮಾರಿಗೆ ಮೆತ್ತಗಾಗಿ ಜೋತುಬೀಳುತ್ತದೆ. ಬಿಸಿ ಹೊಗೆಗೆ ಬೇಕಾದದ್ದು ಅದಕ್ಕಿಂತಲೂ ಹೆಚ್ಚಿನ ಉಷ್ಣತೆ. ಅದರ ಹಿಂದಿನ ಪಾಲಿಯುರಿಥೇನ್ ಫೋಮಿಗೆ ಕಿಡಿ ತಾಗಿದರೆ ಹೊರಬರುವ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಮಾತ್ರವಲ್ಲ, ಹೈಡ್ರೋಜನ್ ಸಯನೈಡ್ ಕೂಡ ಇರುತ್ತದೆ. ಒಳಗೆ ತೆಳು ತಗಡು ಹೊಡೆಸಿದರೆ ಸಾಕು ಎಂಬ ಸಲಹೆಯನ್ನು ನಾನು ಬಲವಾಗಿ ವಿರೋಧಿಸುತ್ತೇನೆ: ತಗಡು ಶಾಖವನ್ನು ತಡೆಯುವುದಿಲ್ಲ, ಹಿಂದಿನ ಪ್ಲಾಸ್ಟಿಕ್ಕಿಗೆ ದಾಟಿಸುತ್ತದೆ, ಮತ್ತು ಅಲ್ಲಿ ಏನಾಗುತ್ತಿದೆ ಎಂಬುದು ನಮ್ಮ ಕಣ್ಣಿಗೆ ಕಾಣದಂತೆ ಮಾಡುತ್ತದೆ. ಪ್ಲಾಸ್ಟಿಕ್ ಮತ್ತು ಫೋಮ್ ಎರಡನ್ನೂ ಪೂರ್ತಿಯಾಗಿ ಕೆರೆದು ತೆಗೆದು, ಹೊರಗಿನ ತಗಡನ್ನಷ್ಟೇ ಉಳಿಸಿಕೊಂಡು, ಒಳಗೆ ರಾಕ್ ವೂಲ್ (ಶಾಖ ತಡೆಯುವ ಕಲ್ಲಿನ ಎಳೆಗಳ ಹತ್ತಿ) ಮತ್ತು ಸ್ಟೀಲ್ ಗೋಡೆ ಹಾಕಿಸಬಹುದು ನಿಜ. ಆದರೆ ಅಷ್ಟು ದುಡ್ಡು ಮತ್ತು ಶ್ರಮ ಹಾಕುವುದಾದರೆ ಹೊಸ ಪೆಟ್ಟಿಗೆಯನ್ನೇ ಮಾಡಿಸುವುದು ಲೇಸು.

ಹಾಗೆಂದು ಇದು ನಿರುಪಯುಕ್ತವಲ್ಲ. ತಣ್ಣನೆಯ ಹೊಗೆಗೆ ಪ್ಲಾಸ್ಟಿಕ್ ಗೋಡೆಯಿಂದ ತೊಂದರೆಯಿಲ್ಲ, ಆದರೆ ಬೆಂಕಿ ಪೆಟ್ಟಿಗೆಯ ಹೊರಗಿರಬೇಕು. ದೂರದಲ್ಲಿ ಇಟ್ಟ ಮುಚ್ಚಿದ ತಗಡಿನ ಡಬ್ಬದಲ್ಲಿ ಮರದ ಹೊಟ್ಟು ಕಮರುತ್ತಿರಬೇಕು, ಅಲ್ಲಿಂದ 2-3 ಮೀಟರ್ ಉದ್ದದ ಲೋಹದ ಕೊಳವೆಯಲ್ಲಿ ಹರಿಯುತ್ತಾ ಹೊಗೆ ತಣಿದು ಪೆಟ್ಟಿಗೆಯೊಳಗೆ ಬರಬೇಕು. ಇಲ್ಲಿ ಎಚ್ಚರ ಬೇಕಾದದ್ದು ತೂತು ಕೊರೆಯುವಾಗ. ಅನೇಕ ಮಾದರಿಗಳಲ್ಲಿ ಅನಿಲದ ಕೊಳವೆಗಳು ಬೆನ್ನಿನ ಮೇಲೆ ಕಾಣುವಂತೆ ಇರದೆ ಎರಡೂ ಬದಿಯ ಗೋಡೆಗಳ ಒಳಗೆ ಹುದುಗಿರುತ್ತವೆ. ಡ್ರಿಲ್ ಅದಕ್ಕೆ ತಾಗಿದರೆ ಅನಿಲ ಸೋರುತ್ತದೆ. ಈಚಿನ ಫ್ರಿಡ್ಜ್‌ಗಳಲ್ಲಿ ಇರುವ ಆರ್-600ಎ ಎಂಬುದು ಐಸೋಬ್ಯೂಟೇನ್, ಅಡುಗೆ ಅನಿಲದ ಹತ್ತಿರದ ಸಂಬಂಧಿ, ಹೊತ್ತಿಕೊಳ್ಳುವಂಥದ್ದು. ಆದ್ದರಿಂದ ಬೆನ್ನ ಮೇಲಿನ ಚೀಟಿಯನ್ನು ಓದಿ ಅನಿಲ ಯಾವುದೆಂದು ತಿಳಿದು, ಅದನ್ನು ತೆಗೆಸಿದ ಮೇಲೆಯೇ ಕೆಲಸಕ್ಕೆ ಕೈ ಹಾಕಬೇಕು, ಕೊರೆಯುವುದನ್ನು ಬಾಗಿಲಿನಲ್ಲೇ ಕೊರೆಯಬೇಕು. ಬೇಸಿಗೆಯಲ್ಲಿ ಉಷ್ಣತೆ ಇಳಿಸಲು ಒಳಗೆ ಮಂಜುಗಡ್ಡೆಯ ತಟ್ಟೆ ಇಡಬಹುದಾದರೂ, ನನ್ನ ಮಟ್ಟಿಗೆ ಇದು ಚಳಿಗಾಲದ ಪೆಟ್ಟಿಗೆ.

ತಣ್ಣನೆಯ ಹೊಗೆಗೆ ಮಾಂಸವನ್ನು ಮೊದಲು ಉಪ್ಪಿನಲ್ಲಿ ಹದ ಮಾಡದೆ ಹಾಕಬಾರದು. ಗಾಳಿ ಕಡಿಮೆ ಇರುವ ಬೆಚ್ಚನೆಯ ಜಾಗದಲ್ಲಿ ಬೊಟುಲಿಸಂ ಎಂಬ ಮಾರಕ ಆಹಾರ ವಿಷಬಾಧೆ ತರುವ ರೋಗಾಣು ಬೆಳೆಯಬಲ್ಲದು. ಅದನ್ನು ತಡೆಯಲು ಶೇ 6.25ರಷ್ಟು ಸೋಡಿಯಂ ನೈಟ್ರೈಟ್ ಬೆರೆಸಿದ ಕ್ಯೂರಿಂಗ್ ಉಪ್ಪನ್ನು ಪ್ರತಿ ಕಿಲೋ ಮಾಂಸಕ್ಕೆ 2.5 ಗ್ರಾಂನಂತೆ ತೂಗಿ ಹಾಕಲಾಗುತ್ತದೆ. ಗುರುತಿಗಾಗಿ ಅದಕ್ಕೆ ನಸುಗೆಂಪು ಬಣ್ಣ ಹಾಕಿರುತ್ತಾರೆ. ನಮ್ಮ ಅಡುಗೆಮನೆಗಳಲ್ಲಿ ಸೈಂಧವ ಲವಣವೂ ಅದೇ ಬಣ್ಣದಲ್ಲಿ ಇರುವುದರಿಂದ ಎರಡೂ ಅಕ್ಕಪಕ್ಕ ಇರಕೂಡದು. ಒಂದರ ಬದಲು ಇನ್ನೊಂದನ್ನು ಸಾರಿಗೆ ಹಾಕಿದರೆ ಪ್ರಾಣಕ್ಕೇ ಸಂಚಕಾರ. ಚಮಚದ ಲೆಕ್ಕವೂ ಬೇಡ, ಗ್ರಾಂ ತೋರಿಸುವ ತಕ್ಕಡಿ ಬೇಕು. ಹೀಗೆ ಮಾಡಿದ ಹಂದಿಮಾಂಸವನ್ನು ಹಸಿಯಾಗಿ ತಿನ್ನದೆ, ಚೆನ್ನಾಗಿ ಬೇಯಿಸಿಯೇ ಬಳಸಬೇಕು, ಏಕೆಂದರೆ ಲಾಡಿಹುಳುವಿನ ಮರಿಗಳು ಹೊಗೆಗೆ ಸಾಯುತ್ತವೆಂದು ನಂಬಲಾಗದು. ಕೋಳಿಯನ್ನು ಈ ವಿಧಾನದಲ್ಲಿ ಮಾಡುವುದೇ ಬೇಡ.

ಡ್ರಮ್

ಲೋಹದ ಫ್ರಿಡ್ಜ್ ಸಿಗದವರಿಗೆ ಬಿಸಿ ಹೊಗೆಗೆ ನಾನು ಸೂಚಿಸುವುದು 200 ಲೀಟರಿನ ಉಕ್ಕಿನ ಡ್ರಮ್. ಅಡಿಯಲ್ಲಿ ಇದ್ದಿಲ ಬುಟ್ಟಿ, ಮೇಲೆ ಜಾಲರಿ ಅಥವಾ ಕೊಕ್ಕೆ, ಮುಚ್ಚಳದಲ್ಲಿ ಹೊಗೆಕೊಳವೆ ಇಟ್ಟರೆ ಮುಗಿಯಿತು; ವೆಲ್ಡಿಂಗ್ ಅಂಗಡಿಯಲ್ಲಿ ಅರ್ಧ ದಿನದ ಕೆಲಸ. ಪ್ಲಾಸ್ಟಿಕ್, ಅನಿಲ, ವಿದ್ಯುತ್ ಯಾವುದರ ತೊಡಕೂ ಇಲ್ಲ. ಆದರೆ ಡ್ರಮ್ಮಿನಲ್ಲಿ ಮೊದಲು ಏನಿತ್ತು ಎಂಬುದೇ ಇಲ್ಲಿನ ನಿರ್ಣಾಯಕ ಪ್ರಶ್ನೆ. ಪೀಣ್ಯದ ಸುತ್ತಮುತ್ತ ಸಿಗುವ ಡ್ರಮ್ಮುಗಳಲ್ಲಿ ದ್ರಾವಕ, ಬಣ್ಣ, ಯಂತ್ರದ ಎಣ್ಣೆ ಏನು ಬೇಕಾದರೂ ಇದ್ದಿರಬಹುದು. ಮಾರುವವನ ಬಾಯಿಮಾತನ್ನು ನಂಬಿ ತರಬಾರದು. ಕೃಷ್ಣಗಿರಿಯ ಕಡೆಯಿಂದ ಮಾವಿನ ತಿರುಳು ತುಂಬಿಕೊಂಡು ಬರುವ ಡ್ರಮ್ಮುಗಳು, ಚೀಟಿ ಹರಿಯದೆ ಉಳಿದಿದ್ದರೆ, ಒಳ್ಳೆಯ ಆಯ್ಕೆ. ಎಣ್ಣೆ ಅಥವಾ ದ್ರಾವಕವಿದ್ದ ಮುಚ್ಚಿದ ಡ್ರಮ್ಮಿಗೆ ವೆಲ್ಡಿಂಗ್ ಜ್ವಾಲೆ ತಾಗಿಸಿದರೆ ಒಳಗಿನ ಆವಿ ಸಿಡಿದು ಸಾವು ಸಂಭವಿಸಬಹುದು. ಯಾವುದೇ ಡ್ರಮ್ಮಿನ ಒಳಲೇಪನವನ್ನು ಮೊದಲು ತೆರೆದ ಬಯಲಿನಲ್ಲಿ ಭಾರಿ ಬೆಂಕಿ ಹಾಕಿ ಪೂರ್ತಿ ಸುಟ್ಟು, ಉಜ್ಜಿ, ತೊಳೆದು, ಅಡುಗೆ ಎಣ್ಣೆ ಸವರಿ ಕಾಯಿಸಬೇಕು.

ಇದರ ಕೊರತೆ ತೆಳುವಾದ ಮೈ. ಆಷಾಢದ ಗಾಳಿಯಲ್ಲಿ, ಜಿಟಿಜಿಟಿ ಮಳೆಯಲ್ಲಿ ಉಷ್ಣತೆ ಏರುಪೇರಾಗುತ್ತದೆ, ಇದ್ದಿಲು ಹೆಚ್ಚು ಬೇಕಾಗುತ್ತದೆ, ಪಕ್ಕದಲ್ಲೇ ಕೂತು ಗಾಳಿಕಿಂಡಿ ನೋಡಿಕೊಳ್ಳಬೇಕಾಗುತ್ತದೆ. ಫ್ರಿಡ್ಜ್‌ನ ದಪ್ಪ ಗೋಡೆಯ ನೆಮ್ಮದಿ ಇಲ್ಲಿಲ್ಲ.

ಉಳಿದ ದಾರಿಗಳು

304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಎರಡು ಗೋಡೆಯ ಪೆಟ್ಟಿಗೆ ಮಾಡಿಸಿ ನಡುವೆ ರಾಕ್ ವೂಲ್ ತುಂಬಿಸಿದರೆ ಎಲ್ಲ ರೀತಿಯಿಂದಲೂ ಅದೇ ಶ್ರೇಷ್ಠ. ಇಲ್ಲಿ ಕಾಡುವುದು ಬೆಲೆ ಮಾತ್ರ. ತಿಂಗಳಿಗೆ ಹಲವು ಬಾರಿ ಹೊಗೆ ಹಾಕುವವರಿಗೆ, ಮಾರಾಟದ ಯೋಚನೆ ಇರುವವರಿಗೆ ಅದು ನ್ಯಾಯವಾದ ಖರ್ಚು. ಇಟ್ಟಿಗೆ ಮತ್ತು ಮಣ್ಣಿನ ಹೊಗೆಮನೆ ದೇವನಹಳ್ಳಿ, ಕನಕಪುರ ಕಡೆ ಸ್ವಂತ ತೋಟ ಇರುವವರಿಗೆ ತಕ್ಕುದು, ಬಾಡಿಗೆ ಮನೆಯವರಿಗಲ್ಲ. ಫ್ಲ್ಯಾಟಿನಲ್ಲಿರುವವರು ಮುಚ್ಚಳ ಬಿಗಿಯಾದ ದಪ್ಪ ಬಾಣಲೆಯ ತಳದಲ್ಲಿ ಹೊಟ್ಟು ಹಾಕಿ, ಮೇಲೆ ಜಾಲರಿ ಇಟ್ಟು, ಗ್ಯಾಸ್ ಒಲೆಯ ಮೇಲೆ ಮೀನು ಅಥವಾ ಕೋಳಿಯ ತುಂಡಿಗೆ ಅರ್ಧ ಗಂಟೆ ಹೊಗೆ ಕೊಡಬಹುದು, ಕಿಟಕಿ ತೆರೆದಿರಬೇಕು. ಇದ್ದಿಲನ್ನು ಮಾತ್ರ ಗಾಜು ಮುಚ್ಚಿದ ಬಾಲ್ಕನಿಯಲ್ಲಿ ಉರಿಸಕೂಡದು, ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ತಾರಸಿ ಹಲವರ ಪಾಲಿನದಾಗಿದ್ದರೆ ಕೆಳಮನೆಯವರನ್ನು ಮೊದಲೇ ಕೇಳಿಕೊಂಡು, ಬಟ್ಟೆ ಒಣಗಿಸದ ಹೊತ್ತನ್ನು ಆರಿಸಿಕೊಳ್ಳುವುದು ಸೌಜನ್ಯ.

ಸೌದೆಯ ವಿಷಯದಲ್ಲಿ ಬೆಂಗಳೂರಿನವರು ಅದೃಷ್ಟವಂತರು. ಸೀಬೆ, ಮಾವು, ಹಲಸು, ಹುಣಸೆ ಸುಲಭವಾಗಿ ಸಿಗುತ್ತವೆ. ಚಿಕ್ಕಮಗಳೂರು ಮತ್ತು ಕೊಡಗಿನ ತೋಟಗಳಲ್ಲಿ ಕಿತ್ತ ಹಳೆಯ ಕಾಫಿ ಗಿಡದ ಬೊಡ್ಡೆ ನಿಧಾನವಾಗಿ, ಹದವಾಗಿ ಉರಿಯುತ್ತದೆ, ಹಂದಿಮಾಂಸಕ್ಕೆ ಅದೇ ನನ್ನ ಮೊದಲ ಆಯ್ಕೆ. ಬಯಲುಸೀಮೆಯಲ್ಲಿ ಕಳೆಯಂತೆ ಹಬ್ಬಿರುವ ಬಳ್ಳಾರಿ ಜಾಲಿಯು ಅಮೆರಿಕದವರು ಹೊಗೆಗೆ ಮೆಚ್ಚಿ ಬಳಸುವ ಮೆಸ್ಕೀಟ್ ಮರದ ಕುಲಕ್ಕೇ ಸೇರಿದ್ದು. ಅದರ ಹೊಗೆ ಖಾರ, ಕಡಿಮೆ ಹಾಕಬೇಕು. ನೀಲಗಿರಿ ಮತ್ತು ಬೇವು ಬೇಡ, ಕಣಗಿಲೆಯನ್ನು ಹತ್ತಿರವೂ ತರಬಾರದು, ಅದು ವಿಷ. ಸಾಮಿಲ್‌ನಿಂದ ತರುವ ಹೊಟ್ಟಿನಲ್ಲಿ ಪ್ಲೈವುಡ್ ಪುಡಿ ಬೆರೆತಿರಬಹುದು. ಪ್ಯಾಕಿಂಗ್ ಪೆಟ್ಟಿಗೆಗಳ ಹಲಗೆಯ ಮೇಲೆ ಎಂಬಿ ಎಂಬ ಮುದ್ರೆ ಕಂಡರೆ ಅದಕ್ಕೆ ಮೀಥೈಲ್ ಬ್ರೋಮೈಡ್ ಎಂಬ ಕೀಟನಾಶಕ ಹೊಡೆದಿದೆ ಎಂದರ್ಥ, ಅದನ್ನು ಬಿಟ್ಟುಬಿಡಬೇಕು.

ಯಾವ ಪೆಟ್ಟಿಗೆಯೇ ಆಗಲಿ, ಬಾಗಿಲಿಗೆ ಸಿಕ್ಕಿಸುವ ಒಂದು ಮತ್ತು ಮಾಂಸಕ್ಕೆ ಚುಚ್ಚುವ ಒಂದು, ಹೀಗೆ ಎರಡು ಥರ್ಮಾಮೀಟರ್ ಬೇಕು. ಅವು ಸರಿಯೇ ಎಂದು ನೋಡಲು ಕುದಿಯುವ ನೀರಿಗೆ ಇಳಿಸುವಾಗ ಬೆಂಗಳೂರಿನಲ್ಲಿ 100 ಡಿಗ್ರಿಯನ್ನು ನಿರೀಕ್ಷಿಸಬಾರದು. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಈ ಊರಿನಲ್ಲಿ ನೀರು 97 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಕೋಳಿಯ ಒಳಭಾಗ 74 ಡಿಗ್ರಿ ಮುಟ್ಟಬೇಕು, ಹಂದಿಯದು ಕನಿಷ್ಠ 71. ಬಿಸಿ ಹೊಗೆಗೆಂದು ಸಿದ್ಧಪಡಿಸಿದ ಫ್ರಿಡ್ಜ್ ಆಗಲಿ ಡ್ರಮ್ ಆಗಲಿ, ಮೊದಲ ಬಾರಿ ಮಾಂಸವಿಲ್ಲದೆ ಖಾಲಿಯಾಗಿಯೇ 3-4 ಗಂಟೆ 140 ಡಿಗ್ರಿಯವರೆಗೆ ಕಾಯಿಸಿ, ಆಗಾಗ ಬಾಗಿಲು ತೆರೆದು ಮೂಸಿ ನೋಡಬೇಕು. ಸೌದೆಯ ವಾಸನೆಯ ಜೊತೆಗೆ ಬಣ್ಣದ್ದೋ, ರಬ್ಬರಿನದೋ, ಪ್ಲಾಸ್ಟಿಕ್ಕಿನದೋ ಘಾಟು ಒಂದು ಎಳೆಯಷ್ಟು ಬಂದರೂ ಅದು ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ಕಿತ್ತುಹಾಕಿ, ಮತ್ತೊಮ್ಮೆ ಖಾಲಿ ಕಾಯಿಸಿ ನೋಡಿದ ಮೇಲೆಯೇ ಮಾಂಸ ಇಡಬೇಕು.